ನೀರುಗಂಟಿಯ ಕೆಲಸದ ಜಾಗ

ಜೂನ್ ಹನ್ನೆರಡರ ನನ್ನ ದಿನಚರಿಯಲ್ಲಿ ಹೀಗಿದೆ: "ಆರನೇ ಕೆಲಸ, ನೀರುಗಂಟಿ. ಗಾಳಿಬೀಡಿನಿಂದ ಆಚೆ. ಇಂಬಳ ಹದಿನಾಲ್ಕು. ನಮೂನೆ ಪೂರ್ಣ." ಹದಿನಾಲ್ಕು ಎಂದರೆ ಕಾಲಿನಿಂದ ಕಿತ್ತ ಜಿಗಣೆಗಳು ಮಾತ್ರ. ಮಡಿಕೇರಿಯ ರೂಮಿಗೆ ಬಂದು ಜರ್ಕಿನ್ ಬಿಚ್ಚಿದಾಗ ಕುತ್ತಿಗೆಯ ಹತ್ತಿರ ಸಿಕ್ಕಿದ್ದು ಆ ಲೆಕ್ಕದಲ್ಲಿಲ್ಲ. "ನಮೂನೆ ಪೂರ್ಣ" ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಆ ದಿನ ನನಗೆ ನನ್ನ ಕೆಲಸದ ಮೇಲೆ ಅಷ್ಟು ತೃಪ್ತಿ ಇತ್ತು.

ನಾನು ಆಗ ಒಂದು ಅಧ್ಯಯನದಲ್ಲಿ ಗುತ್ತಿಗೆಯ ಕ್ಷೇತ್ರ ಸಹಾಯಕಿ. ಸಾರ್ವಜನಿಕ ಸೇವೆಯ ಹತ್ತು ಕೆಲಸಗಳನ್ನು ಆರಿಸಿಕೊಂಡು, ಯಾರು ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತಾರೆ, ತಿಂಗಳಿಗೆ ಎಷ್ಟು ಪಡೆಯುತ್ತಾರೆ ಎಂದು ಹೋಲಿಸಿ ಒಂದು ಸಮಿತಿಗೆ ಕೊಡಬೇಕಿತ್ತು. ಶಾಲಾ ಶಿಕ್ಷಕರು, ನರ್ಸ್, ಪೊಲೀಸ್, ಲೈನ್‌ಮ್ಯಾನ್, ಬಸ್ ಕಂಡಕ್ಟರ್, ಗ್ರಾಮ ಆಡಳಿತ ಅಧಿಕಾರಿ, ಅರಣ್ಯ ವಾಚರ್, ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಪಟ್ಟಿಯ ಕೊನೆಯಲ್ಲಿ ನೀರುಗಂಟಿ. ಪ್ರತಿಯೊಬ್ಬರ ಜೊತೆಗೂ ಒಂದು ಇಡೀ ದಿನ ಇದ್ದು, ಅವರು ಏನು ಮಾಡಿದರು ಎಂಬುದನ್ನು ಟ್ಯಾಬಿನ ಆ್ಯಪ್‌ನಲ್ಲಿ ಗುರುತಿಸುವುದು ನನ್ನ ಪಾಲು. ದಿನಕ್ಕೆ ನಾಲ್ಕು ಗಂಟೆಗಿಂತ ಕಡಿಮೆ ಬಂದ ಕೆಲಸ ಅರೆಕಾಲಿಕ, ಹೆಚ್ಚು ಬಂದದ್ದು ಪೂರ್ಣಾವಧಿ. ಅರೆಕಾಲಿಕ ಎಂದಾದವರಿಗೆ ಈಗ ಕೊಡುತ್ತಿರುವ ಹಣವನ್ನು ಇಳಿಸಬೇಕೇ, ಎರಡು ಊರಿಗೆ ಒಬ್ಬರನ್ನು ಇಟ್ಟರೆ ಸಾಕೇ ಎಂಬುದನ್ನು ಸಮಿತಿ ಆಮೇಲೆ ನೋಡುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು. ನನಗೆ ತಿಂಗಳ ಸಂಬಳ ಇರಲಿಲ್ಲ. ಒಪ್ಪಿಗೆಯಾದ ನಮೂನೆಗೆ ಇಷ್ಟು ಎಂದಿತ್ತು. ಒಪ್ಪಿಗೆಯಾಗದ್ದಕ್ಕೆ ಬಸ್ ಚಾರ್ಜೂ ಇಲ್ಲ.

ಮೊದಲ ಬಸ್ಸಿನಲ್ಲಿ ಇಳಿದಾಗ ನೀರುಗಂಟಿ ರಸ್ತೆ ಬದಿಯಲ್ಲೇ ನಿಂತಿದ್ದರು. ಐವತ್ತೈದು ದಾಟಿದ ಮನುಷ್ಯ. ಗಮ್‌ಬೂಟು, ಮೈಮೇಲೆ ನೀಲಿ ಪ್ಲಾಸ್ಟಿಕ್ಕು, ಹೆಗಲ ಮೇಲೆ ಉದ್ದನೆಯ ಕಬ್ಬಿಣದ ಕೀ. ನೆಲದೊಳಗಿರುವ ವಾಲ್ವ್ ತಿರುಗಿಸಲು ಅದು ಬೇಕು. ಮೇಲ್ಗಡೆ ಅಡ್ಡ ಹಿಡಿ, ಕೆಳಗಡೆ ಚೌಕದ ಬಾಯಿ.

"ಹೊಸ ಟೀಚರಾ?" ಎಂದು ಕೇಳಿದರು.

"ಅಲ್ಲ ಅಣ್ಣ, ಸರ್ವೆಯವಳು."

"ಎಂತ ಸರ್ವೆ? ಹಂದಿದು ಆಯ್ತು, ಕಕ್ಕಸಿದು ಆಯ್ತು, ಬಿದ್ದ ಮನೆದು ಆಯ್ತು."

"ನಿಮ್ಮ ಕೆಲಸದ್ದು."

"ನನ್ನ ಕೆಲ್ಸದಲ್ಲಿ ಸರ್ವೆ ಮಾಡ್ಲಿಕ್ಕೆ ಎಂತ ಉಂಟು? ನೀರು ಬಂದ್ರೆ ನಾನು ಯಾರು ಅಂತ ಒಬ್ರಿಗೂ ಗೊತ್ತಿಲ್ಲ. ಬರದಿದ್ರೆ ಇಡೀ ಊರಿಗೆ ನನ್ನ ಹೆಸ್ರು ಗೊತ್ತು."

ಆ ಊರಿನಲ್ಲಿ ಪಂಪಿಲ್ಲ. ಬೆಟ್ಟದ ಮೇಲಿನ ತೋಡಿಗೆ ಸಣ್ಣ ಕಟ್ಟೆ ಕಟ್ಟಿ, ಅಲ್ಲಿಂದ ಕಪ್ಪು ಪೈಪಿನಲ್ಲಿ ನೀರು ತಾನಾಗಿ ಇಳಿದು ಟ್ಯಾಂಕಿಗೆ ಬರುತ್ತದೆ. ಟ್ಯಾಂಕಿನಿಂದ ಮೂರು ಲೈನು: ಮೇಲಿನ ಮನೆಗಳಿಗೆ ಒಂದು, ಕೆಳಗಿನವಕ್ಕೆ ಒಂದು, ಶಾಲೆಗೆ ಒಂದು. ನಾವು ಕಾಫಿ ತೋಟದ ನಡುವಿನ ಕಾಲುದಾರಿ ಹತ್ತಿ, ಪೈಸಾರಿ ಎನ್ನುವ ಸರ್ಕಾರಿ ಬೀಳುಭೂಮಿ ದಾಟಿ, ಕಾಡಂಚಿನಲ್ಲಿ ಮುಕ್ಕಾಲು ಗಂಟೆಗೂ ಹೆಚ್ಚು ನಡೆದೆವು. ದಾರಿಯುದ್ದಕ್ಕೂ ಅವರು ಪೈಪಿನ ಪಕ್ಕದಲ್ಲೇ ನಡೆದರು. ಜೋಡಣೆ ಇರುವಲ್ಲೆಲ್ಲ ಬೂಟಿನ ತುದಿಯಿಂದ ಒತ್ತಿ ನೋಡುವರು. ಒಂದು ಕಡೆ ಆನೆ ಮೆಟ್ಟಿ ಪೈಪು ಚಪ್ಪಟೆಯಾಗಿತ್ತು. ಅದನ್ನು ಕಲ್ಲಿನ ಮೇಲೆತ್ತಿ ಕೂರಿಸಿ, "ಸಂಜೆ ಬಂದು ಕಟ್ಬೇಕು" ಎಂದರು. ಇನ್ನೊಂದು ಕಡೆ ಪೈಪಿನಲ್ಲಿ ಗಾಳಿ ಹಿಡಿದಿತ್ತು. ಜೋಡಣೆ ಸಡಿಲಿಸಿ, ಅದು ಬುಸ್ಸೆಂದು ಉಗುಳುವವರೆಗೆ ಮುಖ ತಿರುಗಿಸಿ ಕಾದರು. ತೋಡಿನ ಬಾಯಿ ತಲುಪಿ ಜಾಲರಿಗೆ ಅಂಟಿದ ಎಲೆ, ಕಡ್ಡಿ, ಕೆಸರು ತೆಗೆಯಲು ಹಿಡಿದದ್ದು ಹದಿನೈದು ನಿಮಿಷ.

ಪ್ರತಿ ನಮೂನೆಗೂ ಆ್ಯಪ್‌ನ ನಕ್ಷೆಯಲ್ಲಿ ನೌಕರರ ಕೆಲಸದ ಸ್ಥಳಕ್ಕೆ ಪಿನ್ ಹಾಕಬೇಕು. ಕೈಪಿಡಿಯ ನಿಯಮ ನನಗೆ ಬಾಯಿಪಾಠ: ಹಾಜರಿ ಹಾಕುವ ಜಾಗವೇ ಕೆಲಸದ ಸ್ಥಳ, ಹಾಜರಿ ಇಲ್ಲದ ಕೆಲಸಕ್ಕೆ ಮುಖ್ಯ ಉಪಕರಣ ಇರುವ ಜಾಗ. ಇವರಿಗೆ ಹಾಜರಿ ಪುಸ್ತಕವಿಲ್ಲ. ಮುಖ್ಯ ಉಪಕರಣ ಯಾವುದು? ಇಡೀ ಊರಿನ ನೀರು ಹೊರಡುವ ಈ ಪೈಪಿನ ಬಾಯಿಯೇ.

"ಎಲ್ಲಾ ಇಲ್ಲಿಂದಲೇ ಶುರು ಅಲ್ವಾ ಅಣ್ಣ?"

"ಮತ್ತೆ? ಇಲ್ಲಿಂದ್ಲೇ."

ಅದೃಷ್ಟಕ್ಕೆ ಅಲ್ಲಿ ಒಂದು ಗೆರೆ ನೆಟ್‌ವರ್ಕ್ ಸಿಕ್ಕಿತು. ಪಿನ್ ಕೂತಿತು. ಬೇರೆ ಸಹಾಯಕರಾಗಿದ್ದರೆ ಕೆಳಗೆ ಟ್ಯಾಂಕಿನ ಹತ್ತಿರವೇ ಹಾಕಿ ಬಸ್ಸು ಹಿಡಿಯುತ್ತಿದ್ದರು, ನಾನು ಇಷ್ಟು ದೂರ ಹತ್ತಿ ಬಂದೆ ಎಂದು ಹೆಮ್ಮೆಪಟ್ಟೆ. ಸಂಜೆವರೆಗೆ ಅವರ ಜೊತೆ ತಿರುಗಿದೆ. ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್, ವಾಲ್ವ್ ಬಿಡುವುದು, ಕಟ್ಟುವುದು, ಶಾಲೆಯ ಲೈನು, ಮತ್ತೆ ಬೆಟ್ಟ, ಆನೆ ಮೆಟ್ಟಿದ ಪೈಪು.

ಜುಲೈ ಮೊದಲ ವಾರ ಹತ್ತೂ ಕೆಲಸಗಳ ಕೋಷ್ಟಕ ಕಚೇರಿಯ ಪರದೆಯ ಮೇಲೆ ಬಂತು. ತಿಂಗಳಿಗೆ ಬರುವ ಹಣ ಕೆಲವರಿಗೆ ವೇತನ, ಕೆಲವರಿಗೆ ಗೌರವಧನ, ಕೆಲವರಿಗೆ ಪ್ರೋತ್ಸಾಹಧನ. ಹೆಸರು ಬೇರೆಯಾದರೂ ನಾವು ಎಲ್ಲವನ್ನೂ ಒಂದೇ ಅಂಕಣಕ್ಕೆ ಸುರಿದಿದ್ದೆವು. ಅದನ್ನು ಕೆಲಸದ ಗಂಟೆಗಳಿಂದ ಭಾಗಿಸಿದ್ದು ಕೊನೆಯ ಅಂಕಣ: ಗಂಟೆಗೆ ಎಷ್ಟು. ಅದರಲ್ಲಿ ಎಲ್ಲರಿಗಿಂತ ಮೇಲೆ ನೀರುಗಂಟಿ ನಿಂತಿದ್ದರು. ನರ್ಸಿಗಿಂತ ಮೇಲೆ, ಶಿಕ್ಷಕರಿಗಿಂತ ಮೇಲೆ.

ನಮ್ಮ ಮೇಲ್ವಿಚಾರಕರು ಮೈಸೂರಿನವರು. ಸಜ್ಜನರು, ಆದರೆ ಅಂಕಿ ವಿಚಿತ್ರವಾದಷ್ಟೂ ಅವರಿಗೆ ಖುಷಿ.

"ನೋಡಮ್ಮ, ಇದಪ್ಪಾ ಫೈಂಡಿಂಗ್ ಅಂದ್ರೆ! ಯಾರಾದ್ರೂ ಊಹಿಸಿದ್ರಾ? ದಿನಕ್ಕೆ ಒಂದೂವರೆ ಗಂಟೆ ಕೆಲ್ಸ. ವರದಿಯ ಮೊದಲ ಪುಟಕ್ಕೇ ಹಾಕೋಣ."

"ಒಂದೂವರೆ ಗಂಟೆನಾ ಸರ್? ನಾನು ಬೆಳಿಗ್ಗೆಯಿಂದ ಸಂಜೆವರೆಗೆ ಅವರ ಹಿಂದೆ ನಡೆದಿದ್ದೀನಿ."

"ನೀನು ನಡೆದೆ. ನಡೆದದ್ದು ಕೆಲ್ಸ ಹೇಗಾಗುತ್ತೆ?"

ಕಚ್ಚಾ ದಾಖಲೆ ತೆರೆದು ಸಾಲು ಸಾಲಾಗಿ ನೋಡಿದೆ. ಪಿನ್ ಇರುವ ಜಾಗಕ್ಕೆ ಹೋಗುವ, ಅಲ್ಲಿಂದ ಬರುವ ನಡಿಗೆಯನ್ನೆಲ್ಲ ಆ್ಯಪ್ ತಾನಾಗಿಯೇ "ಮನೆಯಿಂದ ಕೆಲಸಕ್ಕೆ ಪ್ರಯಾಣ" ಎಂದು ತೆಗೆದುಹಾಕಿತ್ತು. ಬೂಟಿನ ತುದಿಯಲ್ಲಿ ಜೋಡಣೆ ಒತ್ತಿದ್ದು ಪ್ರಯಾಣ. ಗಾಳಿ ಬಿಡಿಸಿದ್ದು ಪ್ರಯಾಣದ ನಡುವಿನ ವಿರಾಮ. ಆನೆ ಮೆಟ್ಟಿದ ಪೈಪು ಕಟ್ಟಲು ಎರಡನೇ ಸಲ ಬೆಟ್ಟ ಹತ್ತಿದ್ದಂತೂ ಎಲ್ಲೂ ಇಲ್ಲ. ಉಳಿದದ್ದು ಜಾಲರಿಯ ಹದಿನೈದು ನಿಮಿಷ, ಟ್ಯಾಂಕಿಗೆ ಬ್ಲೀಚಿಂಗ್ ಹಾಕಿದ್ದು ಮತ್ತು ವಾಲ್ವ್ ತಿರುಗಿಸಿದ ನಿಮಿಷಗಳು.

ಆಮೇಲೆ ಲೈನ್‌ಮ್ಯಾನ್ ಅವರ ದಿನವನ್ನು ತೆರೆದೆ. ಅದೂ ನಾನೇ ಮಾಡಿದ್ದು. ಅವರು ಒಂಬತ್ತಕ್ಕೆ ಸೆಕ್ಷನ್ ಆಫೀಸಿನಲ್ಲಿ ಸಹಿ ಹಾಕಿ, ಏಣಿ ಹೊತ್ತು ತೋಟದೊಳಗೆ ಕಂಬದಿಂದ ಕಂಬಕ್ಕೆ ನಡೆದಿದ್ದರು. ಅವರ ಪಿನ್ ಆಫೀಸಿನ ಮೇಲಿತ್ತು. ಹಾಗಾಗಿ ಅಲ್ಲಿಂದಾಚೆಯ ನಡಿಗೆಯೆಲ್ಲ "ಕರ್ತವ್ಯದ ಪ್ರಯಾಣ". ಲೈನ್ ಆಫ್ ಮಾಡಿದ್ದೇವೆ ಎಂದು ಸಬ್‌ಸ್ಟೇಷನ್ನಿನಿಂದ ಫೋನ್ ಬರುವವರೆಗೆ ಚಹಾ ಅಂಗಡಿಯ ಬೆಂಚಿನಲ್ಲಿ ಕಾದದ್ದೂ ಕೆಲಸ. ಅದು ಕೆಲಸವೇ, ನನಗೆ ಸಂಶಯವಿಲ್ಲ. ಮಳೆಯಲ್ಲಿ ಆ ಕಂಬ ಹತ್ತುವುದನ್ನು ನೋಡಿದವರು ಯಾರೂ ಸಂಶಯಪಡುವುದಿಲ್ಲ. ಆದರೆ ಅದೇ ಕೆಸರು, ಅದೇ ಇಂಬಳ, ಅದೇ ತೋಟ. ಒಬ್ಬರ ಕಾಲಿಗೆ ಲೆಕ್ಕ ಉಂಟು, ಇನ್ನೊಬ್ಬರ ಕಾಲಿಗೆ ಇಲ್ಲ.

"ಪಿನ್ ಬದಲಾಯಿಸಿ ಸರ್, ನಾನು ತಪ್ಪು ಜಾಗಕ್ಕೆ ಹಾಕಿದ್ದೀನಿ."

"ಲಾಕ್ ಆಗಿದೆ. ಒಂದು ಬಿಚ್ಚಿದ್ರೆ ಎಲ್ಲರೂ ಬಿಚ್ಚಿ ಅಂತಾರೆ. ಹೊಸ ನಮೂನೆ ಮಾಡು, ಸರಿಯಾದ ಕಾರಣ ತಗೊಂಡು ಬಾ. ತಿಂಗಳ ಕೊನೆಗೆ ಕೋಷ್ಟಕ ಹೋಗುತ್ತೆ."

ಬೆಟ್ಟದ ಊರುಗಳ ನೀರುಗಂಟಿಗಳ ಪರವಾಗಿ ನಮ್ಮ ಮಾದರಿಯಲ್ಲಿ ಇದ್ದವರು ಅವರೊಬ್ಬರೇ. ಅವರ ಒಂದೂವರೆ ಗಂಟೆ ಎಂದರೆ ಎಲ್ಲರ ಒಂದೂವರೆ ಗಂಟೆ.

ಎರಡನೇ ಸಲ ಹೋದಾಗ ಬಿಡದ ಮಳೆ. ಅವರ ಮನೆಯ ಜಗಲಿಯಲ್ಲಿ ಕೂತೆ. ಅವರ ಹೆಂಡತಿ ಬೆಲ್ಲದ ಕಾಫಿ ತಂದಿಟ್ಟರು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಿರಬಹುದು, ಆದರೂ ಅಕ್ಕ ಎಂದೇ ಕರೆದೆ. ಬಾಗಿಲ ಪಕ್ಕದ ಮೊಳೆಯಲ್ಲಿ ಆ ಕಬ್ಬಿಣದ ಕೀ ನೇತಾಡುತ್ತಿತ್ತು. ಅದರ ಕೆಳಗೆ ಗೋಡೆಯ ಸುಣ್ಣ ತುಕ್ಕಿನ ಬಣ್ಣಕ್ಕೆ ತಿರುಗಿತ್ತು. ಕಾಫಿ ಮುಗಿಯುವುದರೊಳಗೆ ಇಬ್ಬರು ಬಂದರು. ಶಾಲೆಯ ಅಡುಗೆಯವರು ಕೊಡೆ ಮಡಚದೆಯೇ ಅಂಗಳದಿಂದ ಕೂಗಿದರು:

"ಕೆಂಪು ನೀರು ಬರ್ತಾ ಉಂಟು ಮಾರಾಯ್ರೆ, ಅನ್ನ ಎಂತದ್ರಲ್ಲಿ ಮಾಡೋದು?"

ಇನ್ನೊಬ್ಬರು ಮೇಲಿನ ಮನೆಯ ಹುಡುಗ. ಜಗಲಿಗೆ ಬಂದು ಕೀ ಮೊಳೆಯಲ್ಲಿ ಉಂಟೋ ಇಲ್ಲವೋ ನೋಡಿ, ತಿರುಗಿ ಹೋದ.

"ಕೀ ಇದ್ರೆ ನಾನು ಮನೇಲಿದ್ದೇನೆ, ನೀರು ಬಿಟ್ಟಾಗಿಲ್ಲ ಅಂತ ಅರ್ಥ" ಎಂದರು ನೀರುಗಂಟಿ. "ಇಲ್ದಿದ್ರೆ ಹೋಗಿ ಕೊಡ ಇಡ್ತಾರೆ."

ಆಗ ನನಗೆ ಹೊಳೆಯಿತು. ಮುಖ್ಯ ಉಪಕರಣ ಬೆಟ್ಟದ ಮೇಲಿನ ಪೈಪಿನ ಬಾಯಿ ಅಲ್ಲ, ಈ ಕೀ. ದೂರು ಬರುವುದು ಇಲ್ಲಿಗೆ, ಹೊರಡುವುದು ಇಲ್ಲಿಂದ. ನಿಯಮದ ಪ್ರಕಾರವೇ ಪಿನ್ ಹಾಕಬೇಕಾದದ್ದು ಈ ಜಗಲಿಗೆ. ಉತ್ಸಾಹದಲ್ಲಿ ವಿವರಿಸಿದೆ. ನೀರುಗಂಟಿ ಖುಷಿಪಡಲಿಲ್ಲ.

"ಎರಡು ಗಂಟೆ ಅಂತ ಬರೀರಿ, ಸಾಕು. ಜಾಸ್ತಿ ಬರ್ದ್ರೆ ತೊಂದ್ರೆ."

"ಯಾಕಣ್ಣ?"

"ಕಾಫಿ ಪಿಕ್ಕಿಂಗ್ ಟೈಮಲ್ಲಿ ನಾನು ಎಸ್ಟೇಟಿಗೆ ಹೋಗ್ಬೇಕು. ಬೆಳಿಗ್ಗೆ ನೀರು ಬಿಟ್ಟು ಹೋಗಿ ಸಂಜೆ ಬಂದು ಬೆಟ್ಟ ಹತ್ತುದು. ಪೂರ್ತಿ ಕೆಲ್ಸದವ ಅಂತ ಬರ್ದ್ರೆ ಬಿಡ್ತಾರಾ?"

ಅಕ್ಕ ಒಳಗಿನಿಂದಲೇ ಮಾತು ತೆಗೆದರು. "ಅರ್ಧ ಕೆಲ್ಸದವ ಅಂತ ಬರ್ದ್ರೆ ಸಂಬ್ಳನೂ ಅರ್ಧ ಆಗ್ತದೆ. ಪಿಕ್ಕಿಂಗ್ ಎಷ್ಟು ತಿಂಗ್ಳು ಉಂಟು? ಈ ಮಳೆಲಿ ಎಸ್ಟೇಟಿನವ್ರು ಕರ್ದು ಕೂಲಿ ಕೊಡ್ತಾರಾ? ಜೂನಿಂದ ದೀಪಾವಳಿವರೆಗೆ ನಾವು ತಿನ್ನುದು ನೀರಿನ ಸಂಬ್ಳದಲ್ಲೇ. ನೀವು ಸುಮ್ನೆ ಕೂತ್ಕೊಳ್ಳಿ."

ನೀರುಗಂಟಿ ಸುಮ್ಮನೆ ಕೂತರು. ನನ್ನ ಕಡೆ ನೋಡಿ, "ಅವಳು ಹೇಳಿದ್ದು ಬರೀರಿ" ಎಂದರು.

ಮೇಲ್ವಿಚಾರಕರಿಗೆ ಎರಡು ಹಾಳೆ ಒಯ್ದೆ. ಒಂದರಲ್ಲಿ ನೀರುಗಂಟಿಗೆ ಪಿನ್ ಜಗಲಿಯಲ್ಲಿ. ಇನ್ನೊಂದರಲ್ಲಿ, ನೀರುಗಂಟಿಗೆ ನಾವು ಮಾಡಿದ್ದನ್ನೇ ಲೈನ್‌ಮ್ಯಾನ್‌ಗೂ ಮಾಡಿದರೆ, ಅಂದರೆ ಪಿನ್ ಕಂಬದ ಬುಡಕ್ಕೆ ಹಾಕಿದರೆ ಏನಾಗುತ್ತದೆ ಎಂಬ ಲೆಕ್ಕ. ಲೈನ್‌ಮ್ಯಾನ್ ಸಹ ಅರೆಕಾಲಿಕರಾಗಿಬಿಟ್ಟಿದ್ದರು.

ಮೇಲ್ವಿಚಾರಕರು ಎರಡನೇ ಹಾಳೆಯನ್ನು ಮಡಚಿ ನನ್ನ ಕೈಗೇ ವಾಪಸ್ ಕೊಟ್ಟರು. "ಇದನ್ನ ಯಾರಿಗೂ ತೋರಿಸ್ಬೇಡಮ್ಮ. ಯೂನಿಯನ್‌ನವರು ಗೇಟಿಗೆ ಬಂದು ನಿಲ್ತಾರೆ."

"ಹಾಗಾದ್ರೆ ಮೊದಲನೇದನ್ನ ಒಪ್ಪಿಕೊಳ್ಳಿ."

"ಸ್ವಂತ ಮನೆ ಕೆಲಸದ ಸ್ಥಳ ಆಗೋ ಹಾಗಿಲ್ಲ. ಕೈಪಿಡಿ ಕೊನೇ ಪುಟ ನೋಡು."

ಕೊನೇ ಪುಟ ನೋಡಿದೆ. ಹಾಗೇ ಇತ್ತು.

"ಒಂದು ಕೆಲ್ಸ ಮಾಡಬಹುದು," ಎಂದರು. "ಹೋಲಿಕೆಗೆ ಒಗ್ಗದ ವರ್ಗ ಅಂತ ನೀರುಗಂಟಿಯನ್ನ ಪಟ್ಟಿಯಿಂದ ತೆಗೆದುಬಿಡೋಣ. ಒಂಬತ್ತು ಕೆಲ್ಸ ಸಾಕು."

"ತೆಗೆದ್ರೆ ಅವರ ಬಗ್ಗೆ ಸಮಿತಿ ಏನು ಮಾಡುತ್ತೆ?"

"ಏನೂ ಮಾಡಲ್ಲ. ಕೂಡಿಸೋದೂ ಇಲ್ಲ, ಕಳೆಯೋದೂ ಇಲ್ಲ."

"ಪಟ್ಟಿಯಲ್ಲಿ ಇಲ್ಲದವರನ್ನ ಅರೆಕಾಲಿಕ ಅಂತಲೇ ಹಿಡೀಬೇಕು ಅಂತ ಸಮಿತಿಯ ಸುತ್ತೋಲೆಯಲ್ಲಿ ಇದೆ ಸರ್. ಮೂರನೇ ಪ್ಯಾರಾ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನೀನು ಎಲ್ಲಾ ಪ್ಯಾರಾನೂ ಓದ್ತೀಯಾ? ಸರಿ, ಪಂಚಾಯಿತಿಯಿಂದ ಒಂದು ಕಾಗದ ತಾ. ಅವರ ಕೆಲಸದ ಸ್ಥಳ ಇಂಥದ್ದು ಅಂತ ಪಿಡಿಒ ಸಹಿ ಇರಲಿ. ನಾನು ಕಣ್ಣು ಮುಚ್ಚಿ ಒಪ್ತೀನಿ."

ಪಿಡಿಒ, ಅಂದರೆ ಪಂಚಾಯಿತಿಯ ಅಭಿವೃದ್ಧಿ ಅಧಿಕಾರಿ, ಎರಡು ಪಂಚಾಯಿತಿಗಳಿಗೆ ಒಬ್ಬರೇ. ಈ ಕಡೆ ಬರುವುದು ಮಂಗಳವಾರ ಮತ್ತು ಶುಕ್ರವಾರ. ಮೊದಲ ಮಂಗಳವಾರ ಹೋದೆ. ಅವರಿಗೆ ಜಿಲ್ಲಾ ಕಚೇರಿಯಲ್ಲಿ ಮಳೆಹಾನಿ ಸಭೆ. ಶುಕ್ರವಾರ ಹೊರಟೆ, ರಸ್ತೆಗೆ ಮರ ಬಿದ್ದು ಬಸ್ಸು ಅರ್ಧ ದಾರಿಯಿಂದ ತಿರುಗಿತು. ಮುಂದಿನ ಮಂಗಳವಾರ ಅವರು ಇದ್ದರು, ಕರೆಂಟ್ ಇರಲಿಲ್ಲ. ಮೇಣದಬತ್ತಿಯ ಬೆಳಕಿನಲ್ಲಿ ಮನೆ ಬಿದ್ದವರ ಅರ್ಜಿಗಳಿಗೆ ಸಹಿ ಹಾಕುತ್ತಾ ನನ್ನ ಮಾತು ಕೇಳಿದರು.

"ಏನ್ರೀ ಇದು, ಗಂಟೆ ಎಣಿಸೋ ಸರ್ವೆನಾ? ನಂದು ಎಷ್ಟು ಬಂದಿದೆ ನಿಮ್ಮ ಪಟ್ಟೀಲಿ?"

"ನಿಮ್ಮ ಹುದ್ದೆ ಪಟ್ಟಿಯಲ್ಲಿ ಇಲ್ಲ ಮೇಡಂ."

"ಅದೂ ಇಲ್ವಾ! ನಿನ್ನೆ ಸಂಜೆ ಏಳಕ್ಕೆ ಗುಡ್ಡ ಜರಿದಿದೆ ಅಂತ ಫೋನು. ಹೋಗಿ ನೋಡಿದ್ರೆ ಯಾರದೋ ಕಾಂಪೌಂಡು. ಅದನ್ನ ಯಾವ ಅಂಕಣಕ್ಕೆ ಹಾಕ್ತೀರಿ?"

ನಾನು ಬರೆದು ತಂದಿದ್ದ ಕಾಗದವನ್ನು ಮುಂದೆ ಚಾಚಿದೆ. ಅವರು ನಕ್ಕು ಕಾಗದ ತೆಗೆದುಕೊಂಡು ಓದಿದರು.

"ಮನೇನೇ ಕೆಲಸದ ಸ್ಥಳ ಅಂತ ನಾನು ಬರೆದುಕೊಟ್ರೆ ಆಡಿಟ್‌ನವರು ನನ್ನ ಬಿಡ್ತಾರೇನ್ರೀ? ನಾಳೆ ಮನೆ ಬಾಡಿಗೆ ಕೊಡಿ ಅಂತ ಯಾರಾದ್ರೂ ಬರ್ತಾರೆ. ಅದು ಬೇಡ." ಸ್ವಲ್ಪ ಯೋಚಿಸಿ, "ನಿಮಗೆ ಬೇಕಾಗಿರೋದು ಹಾಜರಿ ಹಾಕೋ ಜಾಗ ತಾನೇ? ಇಲ್ಲೇ ಒಂದು ಪುಸ್ತಕ ಇಡ್ತೀನಿ. ಬೆಳಿಗ್ಗೆ ಹತ್ತಕ್ಕೆ ಬಂದು ಸಹಿ, ಸಂಜೆ ಐದಕ್ಕೆ ಸಹಿ. ಎಲ್ಲಾ ನೌಕರರ ಹಾಗೆ. ಆಗ ನಾನೂ ಧೈರ್ಯವಾಗಿ ಬರೆದುಕೊಡಬಹುದು."

ಅಲ್ಲೇ ನಿಂತು ಲೆಕ್ಕ ಹಾಕಿದೆ. ಪಿನ್ ಪಂಚಾಯಿತಿ ಕಚೇರಿಗೆ. ನಿಯಮದ ಮೊದಲ ಸಾಲಿಗೇ ಸರಿಹೊಂದುತ್ತದೆ. ಹತ್ತರಿಂದ ಐದರವರೆಗಿನ ನಡಿಗೆಯೆಲ್ಲ ಕರ್ತವ್ಯದ ಪ್ರಯಾಣ. ಬೆಟ್ಟ, ಪೈಪು, ಗಾಳಿ, ಆನೆ, ಎಲ್ಲವೂ. ನಾಲ್ಕು ಗಂಟೆಯ ಗೆರೆಯನ್ನು ಸುಲಭವಾಗಿ ದಾಟುತ್ತದೆ. ತಿಂಗಳ ಕೊನೆಗೆ ಉಳಿದದ್ದು ಎಂಟು ದಿನ. ಜಗಲಿಗಾಗಿ ಜಗಳ ಮುಂದುವರಿಸಿದರೆ ಗಡುವು ಮೀರುತ್ತದೆ, ಆ ಒಂದೂವರೆ ಗಂಟೆಯೇ ಸಮಿತಿಗೆ ಹೋಗುತ್ತದೆ. ಜಗಲಿಯನ್ನು ಬಿಟ್ಟುಬಿಡಲು ಅಲ್ಲೇ ತೀರ್ಮಾನಿಸಿದೆ.

"ಆಗಬಹುದು ಮೇಡಂ."

ನೀರುಗಂಟಿಗೆ ಹೇಳಲು ಅಲ್ಲಿಂದಲೇ ಹೋದೆ. ಕಚೇರಿಯಿಂದ ಅವರ ಊರು ಒಂದು ಗಂಟೆಯ ನಡಿಗೆ. ಬೆಳಿಗ್ಗೆ ಎಂಟಕ್ಕೆ ಬಸ್ಸುಂಟು, ಅದು ಬಿಟ್ಟರೆ ಮಧ್ಯಾಹ್ನ. ಅವರು ಗಮ್‌ಬೂಟಿನಿಂದ ನೀರು ಸುರಿಯುತ್ತಾ ಕೇಳಿಸಿಕೊಂಡರು.

"ಸಹಿ ಹಾಕ್ಲಿಕ್ಕೆ ಅಲ್ಲಿಗೆ ಹೋಗ್ಬೇಕಾ? ತೋಡು ಇರುದು ಈ ಕಡೆ."

"ಹೌದಣ್ಣ. ಆದ್ರೆ ಅಲ್ಲಿಂದ ವಾಪಸ್ ನಡೆದದ್ದೆಲ್ಲ ಲೆಕ್ಕಕ್ಕೆ ಬರುತ್ತೆ."

"ಬೇಡ ಅಂದ್ರೆ?"

"ಒಂದೂವರೆ ಗಂಟೆ ಅಂತ ಹೋಗುತ್ತೆ."

ಅವರು ಬೂಟನ್ನು ಗೋಡೆಗೆ ಒರಗಿಸಿದರು. "ಹಾಗಾದ್ರೆ ಹೋಗ್ತೇನೆ. ಕಾಲು ಉಂಟಲ್ಲ."

ಹೊಸ ಪುಸ್ತಕ ಬಂದ ಮೂರನೇ ದಿನ ಮತ್ತೆ ಇಡೀ ದಿನ ಅವರ ಜೊತೆ ಇದ್ದೆ. ಹತ್ತಕ್ಕೆ ಸಹಿ, ಅಲ್ಲಿಂದ ನಡಿಗೆ, ತೋಡು, ಟ್ಯಾಂಕು, ವಾಲ್ವ್, ಮತ್ತೆ ನಡಿಗೆ, ಐದಕ್ಕೆ ಸಹಿ. ಅವತ್ತು ಕೊಳಾಯಿಗೆ ನೀರು ಬಂದದ್ದು ಮಧ್ಯಾಹ್ನದ ಮೇಲೆ. ಅದನ್ನು ನಾನು ಗಮನಿಸಲಿಲ್ಲ, ಊರಿನವರೂ ಗಮನಿಸಲಿಲ್ಲ. ಜುಲೈ ತಿಂಗಳು, ಪ್ರತಿ ಮನೆಯ ಸೂರಿನ ಕೆಳಗೂ ಡ್ರಮ್ಮು, ಹಂಡೆ, ಬಕೆಟ್ಟು ಇಟ್ಟು ಜನ ಮಳೆ ನೀರನ್ನೇ ಹಿಡಿಯುತ್ತಿದ್ದರು. ಕೊಳಾಯಿಯ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ನಮೂನೆ ಒಪ್ಪಿಗೆಯಾಯಿತು. ಗಂಟೆಗೆ ಎಷ್ಟು ಎಂಬ ಅಂಕಣದಲ್ಲಿ ನೀರುಗಂಟಿ ಮೇಲಿನಿಂದ ಸರ್ರನೆ ಇಳಿದು ಆಶಾ ಕಾರ್ಯಕರ್ತೆಯ ಪಕ್ಕಕ್ಕೆ ಬಂದು ನಿಂತರು. ಮೇಲ್ವಿಚಾರಕರು, "ನನ್ನ ಫೈಂಡಿಂಗ್ ಹಾಳು ಮಾಡಿದೆ ಕಣಮ್ಮ" ಎಂದರು, ಅರ್ಧ ತಮಾಷೆಗೆ. ಪೂರ್ಣಾವಧಿ ಎಂಬ ನಮೂದಿನೊಂದಿಗೆ ಕೋಷ್ಟಕ ಸಮಿತಿಗೆ ಹೋಯಿತು. ಆ ದಿನದ ನನ್ನ ದಿನಚರಿಯಲ್ಲೂ ಎರಡು ಗೆರೆ ಉಂಟು.

ಸೆಪ್ಟೆಂಬರಿನಲ್ಲಿ, ಕೈಲ್ ಪೊಳ್ದ್ ಹಬ್ಬ ಕಳೆದ ವಾರ, ಮರುಪರಿಶೀಲನೆಗೆಂದು ಕೆಲವು ನಮೂನೆಗಳನ್ನು ಆರಿಸಿದರು. ಅದರಲ್ಲಿ ನೀರುಗಂಟಿಯದೂ ಇತ್ತು. ಮಳೆ ಬಿಟ್ಟು ಬಿಟ್ಟು ಬರುತ್ತಿತ್ತು. ಸೂರಿನ ಕೆಳಗಿನ ಡ್ರಮ್ಮುಗಳು ಬೋರಲಾಗಿದ್ದವು. ಬಸ್ಸಿಳಿದಾಗ ಕೊಳಾಯಿಯ ಹತ್ತಿರ ಮೂವರು ಹೆಂಗಸರು ಕೊಡ ಇಟ್ಟುಕೊಂಡು ನಿಂತಿದ್ದರು. ಒಬ್ಬರು ನನ್ನ ಟ್ಯಾಬ್ ಗುರುತಿಸಿದರು.

"ಇವರೇ ನೋಡಿ, ನಮ್ಮ ನೀರಿನ ಅಣ್ಣನ್ನ ಆಫೀಸರ್ ಮಾಡಿದವ್ರು."

"ನೀರು ಸರಿಯಾಗಿ ಬರ್ತಿದೆಯಾ ಅಕ್ಕ?" ಎಂದು ಕೇಳಿದೆ.

"ಮಳೆ ಕಮ್ಮಿಯಾದ ಮೇಲೆ ಒಂದು ವಾರ ಮಧ್ಯಾಹ್ನ ಬಂತು. ಗಲಾಟೆ ಮಾಡಿದ್ವಿ. ಈಗ ಪರ್ವಾಗಿಲ್ಲ."

"ಅವರು ಮನೇಲಿದ್ದಾರಾ?"

"ಎಲ್ಲಿಂದ? ಎಂಟರ ಬಸ್ಸಿಗೆ ಸಹಿ ಹಾಕ್ಲಿಕ್ಕೆ ಹೋದ್ರು. ನಮ್ಗೆಲ್ಲ ಕೊಡದಲ್ಲಿ ನೀರು, ಅವ್ರಿಗೆ ಪುಸ್ತಕದಲ್ಲಿ ನೀರು." ಮೂವರೂ ನಕ್ಕರು.

ಪಂಚಾಯಿತಿಗೆ ಫೋನ್ ಮಾಡಿದೆ. ನೀರುಗಂಟಿ ಅಲ್ಲೇ ಇದ್ದರು. ಸಹಿ ಹಾಕಿದ ಮೇಲೆ ಬೆಟ್ಟಕ್ಕೆ ವಾಪಸ್ ಬರುವುದು ನಿಂತು ಎರಡು ವಾರವಾಗಿತ್ತು. ಕಚೇರಿಯಲ್ಲಿ ಹೇಗೂ ಇದ್ದಾರಲ್ಲ ಎಂದು ಟಪಾಲು ಕೊಡಲು, ಕಂದಾಯದ ನೋಟೀಸು ಹಂಚಲು, ಸಭೆಯ ದಿನ ಕುರ್ಚಿ ಹಾಕಲು ಇಟ್ಟುಕೊಂಡಿದ್ದರು. "ಕೆಲ್ಸ ಸುಲಭ ಉಂಟು, ಇಂಬಳ ಇಲ್ಲ," ಎಂದರು ನೀರುಗಂಟಿ ಫೋನಿನಲ್ಲಿ. ಆಮೇಲೆ ದನಿ ತಗ್ಗಿಸಿ, "ನವೆಂಬರಲ್ಲಿ ಪಿಕ್ಕಿಂಗಿಗೆ ರಜೆ ಕೊಡ್ತಾರಾ ಅಂತ ಒಂದು ಮಾತು ಕೇಳಿ ನೋಡ್ತೀರಾ?" ಎಂದರು. ಸಂಬಳ ಇಳಿದಿರಲಿಲ್ಲ. ಏರಿಯೂ ಇರಲಿಲ್ಲ, ಸಮಿತಿ ಇನ್ನೂ ಸೇರಿರಲಿಲ್ಲ.

ಹಾಗಾದರೆ ನೀರು ಬಿಡುವವರು ಯಾರು? ಮನೆಗೆ ಹೋದೆ. ಬಾಗಿಲು ಹಾಕಿತ್ತು. ಮೊಳೆಯಲ್ಲಿ ಕೀ ಇರಲಿಲ್ಲ, ಗೋಡೆಯ ಮೇಲೆ ತುಕ್ಕಿನ ಕಲೆ ಮಾತ್ರ.

ಶಾಲೆಯ ಲೈನಿನ ವಾಲ್ವ್ ಹತ್ತಿರ ಅಕ್ಕ ಸಿಕ್ಕಿದರು. ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಟ್ಟಿದ್ದರು. ಗಂಡನ ಗಮ್‌ಬೂಟು ಅವರ ಕಾಲಿಗೆ ದೊಡ್ಡದಾಗಿ, ಹೆಜ್ಜೆ ಎತ್ತಿದಾಗಲೆಲ್ಲ ಒಳಗೆ ನೀರು ಬುಳಬುಳ ಎನ್ನುತ್ತಿತ್ತು. ಕೀಯನ್ನು ಗುಂಡಿಯೊಳಗೆ ಇಳಿಸಿ, ಅಡ್ಡ ಹಿಡಿಗೆ ಮೈಭಾರ ಕೊಟ್ಟು ತಿರುಗಿಸುತ್ತಿದ್ದರು. ಕೂದಲಲ್ಲಿ ಒಂದು ಒಣ ಎಲೆ ಸಿಕ್ಕಿಕೊಂಡಿತ್ತು. ತೋಡಿನ ಬಾಯಿಗೂ ಹೋಗಿ ಬಂದಿದ್ದಾರೆ ಎಂದು ಗೊತ್ತಾಯಿತು.

"ಬೆಟ್ಟಕ್ಕೂ ನೀವೇ ಹೋಗ್ತೀರಾ ಅಕ್ಕ?"

"ಮತ್ತ್ಯಾರು ಹೋಗ್ಬೇಕು? ಬೆಳಕು ಹರಿವಾಗ ಹೊರಟ್ರೆ ಈಗ ಇಲ್ಲಿಗೆ. ಇನ್ನು ಕೆಳಗಿನ ಲೈನು ಉಂಟು." ಕೀ ಮೇಲೆತ್ತಿ ಕೆಸರು ಕೊಡವಿದರು. "ಅವ್ರು ಫುಲ್‌ಟೈಮ್ ಆದ್ರಲ್ಲ, ಅವ್ರಿಗೆ ನೀರು ಬಿಡ್ಲಿಕ್ಕೆ ಟೈಮಿಲ್ಲ."

ಟ್ಯಾಬ್ ತೆರೆದೆ. ಹುದ್ದೆ ಎಂಬಲ್ಲಿ ಹತ್ತು ಹೆಸರು ಇಳಿದವು. ಮೇಲಿನಿಂದ ಕೆಳಗೆ ಒಮ್ಮೆ, ಕೆಳಗಿನಿಂದ ಮೇಲೆ ಒಮ್ಮೆ ನೋಡಿ ಮುಚ್ಚಿದೆ. ಪಕ್ಕದ ಶಾಲೆಯ ಕೊಳಾಯಿಯಲ್ಲಿ ಮೊದಲು ಗಾಳಿ ಕೆಮ್ಮಿತು, ಆಮೇಲೆ ನೀರು ಬಿತ್ತು. ಅಭ್ಯಾಸಬಲದಿಂದ ನನ್ನ ಕಣ್ಣು ಕೈಗಡಿಯಾರಕ್ಕೆ ಹೋಯಿತು.

ಅಕ್ಕ ಕೀಯನ್ನು ಹೆಗಲಿಗೇರಿಸಿಕೊಳ್ಳುತ್ತಿದ್ದವರು ಅದನ್ನು ಕಂಡರು.

"ಗಡಿಯಾರ ನೋಡ್ಬೇಡಿ ಮಾರಾಯ್ತಿ," ಎಂದರು. "ನೀವು ನೋಡಿದ್ರೆ ನನ್ನನ್ನೂ ಸಹಿ ಹಾಕ್ಲಿಕ್ಕೆ ಕರೀತಾರೆ. ಆಮೇಲೆ ನೀರು ಬಿಡ್ಲಿಕ್ಕೆ ಯಾರಿದ್ದಾರೆ?"

ನಾನು ಜರ್ಕಿನ್ನಿನ ತೋಳನ್ನು ಗಡಿಯಾರದ ಮೇಲೆ ಎಳೆದುಕೊಂಡೆ. ಅವರು ಬುಳಬುಳ ಸದ್ದು ಮಾಡುತ್ತಾ ಕೆಳಗಿನ ಲೈನಿನ ಕಡೆ ಇಳಿದು ಹೋದರು.